ನಿನ್ನ ಸವತಿಗೆ ಬಾಯಿ ಬಿದ್ದುಹೋಗಿದೆ

ಮನೆಯಿಂದ, ಅಡುಗೆಮನೆಯ ಮೇಜು
ಹದಿನೇಳನೆಯ ತಾರೀಖು, ಶುಕ್ರವಾರ ಮಧ್ಯಾಹ್ನ

ನನ್ನವಳಿಗೆ,

ಹೇಗಿದ್ದೀಯ? ನಿಮ್ಮಕ್ಕನ ಮಂಡಿ ಹೇಗಿದೆ? ಆಪರೇಷನ್ ಆದ ಕಾಲೂರಿ ನಡೆಯುತ್ತಿದ್ದಾರೋ, ಇಲ್ಲ ಇನ್ನೂ ನಿನ್ನ ಹೆಗಲ ಮೇಲೆಯೇ ಸವಾರಿಯೋ? ನಿನ್ನ ಕೆಮ್ಮು ನಿಂತಿತೇ? ಹೊರಟ ದಿನ ಮೆಟ್ಟಿಲಿಳಿಯುವಾಗ ಕೆಮ್ಮುತ್ತಿದ್ದೆ, ಗೇಟು ದಾಟುವವರೆಗೂ ನನಗೆ ಕೇಳಿಸುತ್ತಿತ್ತು. ಬಿಸಿನೀರು ಕುಡಿ, ಔಷಧಿಯನ್ನು ಅರ್ಧಕ್ಕೆ ಬಿಡಬೇಡ. ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು, ಪತ್ರವೆಂದರೆ ಹಾಗೇ ತಾನೇ. ಆದರೆ ಕ್ಷೇಮವಿಲ್ಲ ಕಣೇ. ಹೊಟ್ಟೆಗೆ ತಿನ್ನುತ್ತಿದ್ದೇನೆ, ಹಾಸಿಗೆಯಲ್ಲಿ ಮಲಗುತ್ತಿದ್ದೇನೆ, ಅಷ್ಟೇ.

ಫೋನ್ ಮಾಡುವುದು ಬಿಟ್ಟು ಇದೇನು ಗುಳ್ಳೆ ಎದ್ದ ಕಾಗದ ಎಂದುಕೊಳ್ಳುತ್ತಿರಬೇಕು. ಬಾಗಿಲಲ್ಲಿ ನಿಂತು ನೀನೇ ಹೇಳಿದ್ದು ಮರೆತೆಯಾ? ‘ಫೋನ್ ಮಾಡ್ಬೇಡಿ. ನಿಮ್ಮ ದನಿ ಕೇಳಿದ್ರೆ ಕರಗಿಬಿಡ್ತೀನಿ. ಅಷ್ಟು ಬೇಕಾದ್ರೆ ಬರೀರಿ.’ ಸರಿ, ಬರೆಯುತ್ತಿದ್ದೇನೆ. ಅಟ್ಟದ ಟ್ರಂಕು ತಡಕಾಡಿ ಹಳೇ ಬ್ರೈಲ್ ಸ್ಲೇಟು, ಚುಚ್ಚುವ ಮೊಳೆ ಎರಡನ್ನೂ ತೆಗೆದೆ. ಮದುವೆಗೆ ಮುಂಚೆ ನಿನಗೆ ಬರೆಯುತ್ತಿದ್ದುದು ಇದರಲ್ಲೇ. ನೀನು ಈ ಚುಕ್ಕಿಗಳನ್ನು ಹಟ ಹಿಡಿದು ಕಲಿತದ್ದು, ನನ್ನ ಕಾಗದ ಅಕ್ಕನ ಕೈಗೆ ಸಿಕ್ಕರೂ ಅವರಿಗೆ ಓದಲು ಬರಬಾರದು ಎಂದು. ಈಗಲೂ ಅವರ ಪಾಲಿಗೆ ಇದು ದಡಾರ ಎದ್ದ ಹಾಳೆಯೇ. ನೀನೋ, ಬೆರಳಾಡಿಸದೆ ಕಣ್ಣಲ್ಲೇ ಓದಿ ಮುಗಿಸುವ ಕಳ್ಳಿ. ಆಗ ನನ್ನ ಬೆರಳು ದಡ್ಡುಗಟ್ಟಿತ್ತು, ಈಗ ಮೆತ್ತಗಾಗಿಬಿಟ್ಟಿದೆ, ಮೊದಲ ಹಾಳೆಗೇ ಉರಿಯುತ್ತಿದೆ. ಇದರಲ್ಲಿ ಅಳಿಸಲು ಬರುವುದಿಲ್ಲ ಎಂಬುದು ನೆನಪಿರಲಿ. ಸಿಟ್ಟಿನಲ್ಲಿ ಏನಾದರೂ ಬರೆದಿದ್ದರೆ ಅದು ಬರೆದಂತೆಯೇ ನಿನಗೆ ತಲುಪುತ್ತದೆ.

ವಿಷಯ ಇಷ್ಟು: ನಿನ್ನ ಸವತಿಗೆ ಬಾಯಿ ಬಿದ್ದುಹೋಗಿದೆ. ಹೌದು, ಅವಳೇ. ನನ್ನ ಕಂಪ್ಯೂಟರಿನೊಳಗೆ ಕೂತು, ಪರದೆಯ ಮೇಲಿನದನ್ನೆಲ್ಲ ಈ ಹುಟ್ಟುಕುರುಡನಿಗೆ ಓದಿ ಹೇಳುವ ಆ ಹೆಣ್ಣುದನಿ. ‘ಹಗಲೆಲ್ಲ ಅವಳ ಜೊತೆ, ಊಟಕ್ಕೆ ಮಾತ್ರ ನನ್ನ ಜೊತೆ’ ಎಂದು ಅವಳಿಗೆ ಸವತಿಯೆಂದು ಹೆಸರಿಟ್ಟವಳು ನೀನೇ. ಆಸ್ಪತ್ರೆಯ ಡಾಕ್ಟರುಗಳು ಮಾತಾಡಿ ಕಳಿಸುವ ವರದಿಗಳನ್ನು ಕೇಳಿ ಟೈಪ್ ಮಾಡಿ ನಾನು ಹೊಟ್ಟೆ ಹೊರೆಯುತ್ತಿರುವುದು ಅವಳ ದಯೆಯಿಂದ. ಕಳೆದ ಶನಿವಾರದಿಂದ ಅವಳು ತುಟಿ ಪಿಟಕ್ಕೆಂದಿಲ್ಲ. ನಿನಗೆ ಇದರಿಂದ ಸಂತೋಷವಾಗುವುದಾದರೆ ಆಗಲಿ, ಧಾರಾಳವಾಗಿ ನಗು, ನಾನು ಬೇಡವೆನ್ನುವುದಿಲ್ಲ.

ಇದಕ್ಕೆಲ್ಲ ಮೂಲ ಆ ಡಬ್ಬಿ. ಪರದೆಯ ಮೇಲೆ ದಿನಾ ‘ಟಣ್’ ಎಂದು ಬಂದು ಕೂರುತ್ತಿದ್ದ ಚಿಕ್ಕ ಡಬ್ಬಿ, ನಿನಗೆ ಚೆನ್ನಾಗಿ ನೆನಪಿರುತ್ತದೆ. ಸವತಿ ಎಲ್ಲವನ್ನೂ ಓದುತ್ತಿದ್ದಳು, ಅದನ್ನೊಂದು ಮಾತ್ರ ಓದುತ್ತಿರಲಿಲ್ಲ. ಅದು ಮೊದಲ ಸಲ ಬಂದ ಸಂಜೆ ನೀನು ನಿನ್ನ ಗೆಳತಿಯ ಮಣ್ಣಿಗೆ ಹೋಗಿ, ಎರಡು ಬಸ್ಸು ಬದಲಿಸಿ ಮನೆಗೆ ಬಂದಿದ್ದೆ. ಬಾಗಿಲ ಚಿಲಕದ ಸದ್ದು ಕೇಳಿದ ಕೂಡಲೇ ನಾನು, ‘ಬಂದ್ಯಾ? ಇಲ್ಲೇನೋ ಬಂದಿದೆ ನೋಡು, ಓದು’ ಎಂದೆ. ನೀನು ಚಪ್ಪಲಿಯನ್ನೂ ಬಿಡದೆ ಬಂದು ಓದಿದೆ. ಕಂಪ್ಯೂಟರಿನ ಬೋರ್ಡಿನೊಳಗಿನ ಮೂಲ ಪ್ರೋಗ್ರಾಮಿಗೆ, ಅದೇ ಫರ್ಮ್‌ವೇರಿಗೆ, ಹೊಸ ಅಪ್‌ಡೇಟ್ ಬಂದಿದೆ ಎಂದೆ ನೀನು. ‘ಎರಡು ಗುಂಡಿ ಇದೆ. ಎಡಗಡೆ ಈಗ್ಲೇ ಅಂತ, ಬಲಗಡೆ ಆಮೇಲೆ ಅಂತ. ಆಮೇಲೆ ಒತ್ತಿದೀನಿ. ಸಾಕಾ?’ ಆಮೇಲೆ ನೀನು ಆಡಿದ ಮಾತು: ‘ನಿಮಗೆ ಬೇಕಾಗಿರೋದು ನನ್ನ ಕಣ್ಣು, ನಾನಲ್ಲ. ನಾನು ಈ ಮನೆಗೆ ಕನ್ನಡಕ ಆಗಿ ಬಂದೋಳಲ್ಲ.’ ಓದು ಎಂದೆನಪ್ಪಾ, ಕೊಲೆ ಮಾಡಿದೆನೇ? ಮರುವಾರವೇ ಅಕ್ಕನ ಮಂಡಿ ನೆಪವಾಯಿತು. ಹದಿನೈದು ದಿನವೆಂದು ಹೋದವಳು ಮೂರು ತಿಂಗಳಾದರೂ ಅಲ್ಲೇ ಇದ್ದೀಯ.

ನೀನು ಹೋದ ಮೇಲೂ ಆ ಡಬ್ಬಿ ದಿನಾ ಬೆಳಿಗ್ಗೆ ಟಣ್ ಎನ್ನುತ್ತಿತ್ತು, ನಿನ್ನ ಮಾತನ್ನೇ ನೆನಪಿಸಲು ಬಂದಂತೆ. ಶನಿವಾರ ನನಗೂ ರೇಗಿತು. ಯಾರ ಕಣ್ಣೂ ಬೇಕಿಲ್ಲ, ನಾನೇ ಮಾಡುತ್ತೇನೆ, ನೋಡೇಬಿಡೋಣ ಎಂದು ಕೀಬೋರ್ಡಿನ ಎಡಬಾಣದಿಂದ ಎಡಗಡೆಯ ಗುಂಡಿಗೆ ಸರಿದು ಎಂಟರ್ ಒತ್ತಿದೆ. ಯಂತ್ರ ತಾನಾಗಿ ಆಫ್ ಆಯಿತು, ತಾನಾಗಿ ಶುರುವಾಯಿತು. ಯಾವಾಗಲೂ ಫ್ಯಾನು ತಿರುಗಿ, ಒಳಗಿನಿಂದ ಚಿಕ್ಕದಾಗಿ ‘ಕುಕ್’ ಎಂದು, ಆಮೇಲೆ ಅವಳು ನಮಸ್ಕಾರ ಹೇಳಬೇಕು. ಈ ಸಲ ಫ್ಯಾನು ಮಿಕ್ಸಿಯಂತೆ ಅರಚಿ, ಗಪ್ಪೆಂದು ನಿಂತಿತು. ಕುಕ್ ಇಲ್ಲ, ನಮಸ್ಕಾರವಿಲ್ಲ. ಕಾದೆ. ಚಹಾ ಮಾಡಿಕೊಂಡು ಕುಡಿದೆ, ಲೋಟ ತೊಳೆದಿಟ್ಟೆ, ಮತ್ತೆ ಬಂದು ಕಿವಿಗೊಟ್ಟೆ. ಸದ್ದಿಲ್ಲ. ಕಣ್ಣಿದ್ದವರಿಗೆ ನಿಶ್ಶಬ್ದವೆಂದರೆ ನೆಮ್ಮದಿಯಿರಬಹುದು, ನನಗೆ ನಿಶ್ಶಬ್ದವೆಂದರೆ ಯಂತ್ರ ಸತ್ತಿದೆ ಎಂದರ್ಥ. ಅದು ಮಾತು ನಿಲ್ಲಿಸಿದಾಗಲೆಲ್ಲ ಮಾಡುವಂತೆ ಪವರ್ ಬಟನ್ನನ್ನು ಒತ್ತಿ ಹಿಡಿದು ಆಫ್ ಮಾಡಿದೆ. ಆ ಹೊತ್ತಿಗೆ ಪರದೆಯ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ, ‘ಕೆಲಸ ನಡೆಯುತ್ತಿದೆ, ಯಾವ ಕಾರಣಕ್ಕೂ ಆಫ್ ಮಾಡಬೇಡಿ’ ಎಂದು ಬರೆದಿರುತ್ತದಂತೆ. ಬರೆದಿರುತ್ತದಂತೆ! ದರಿದ್ರದ್ದು, ಒಂದೇ ಒಂದು ಸಲ ಬೀಪ್ ಎಂದಿದ್ದರೆ ಅದರ ಗಂಟೇನು ಹೋಗುತ್ತಿತ್ತು?

ಮತ್ತೆ ಆನ್ ಮಾಡಿದರೆ ಫ್ಯಾನು ತಿರುಗುತ್ತದೆ, ನಿಲ್ಲುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಮೊಂಡು ಹಿಡಿದ ಎತ್ತನ್ನು ಎಬ್ಬಿಸಿದಂತೆ. ನಾನೇನು ಕೈಕಟ್ಟಿ ಕೂತೆನೆಂದು ತಿಳಿಯಬೇಡ. ಪಕ್ಕದ ತಗಡು ಬಿಚ್ಚಿ, ನೆಲದ ಮೇಲೆ ಮಲಗಿಸಿ, ಒಳಗೆಲ್ಲ ಬೆರಳಾಡಿಸಿದೆ. ನಾಣ್ಯದಂತಿರುವ ಬ್ಯಾಟರಿಯನ್ನು ಉಗುರಿನಿಂದ ಎಬ್ಬಿಸಿ ತೆಗೆದೆ. ಅದನ್ನು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಬೋರ್ಡು ತನ್ನ ತಲೆಯಲ್ಲಿದ್ದದ್ದನ್ನೆಲ್ಲ ಮರೆತು ಹೊಸದಾಗಿ ಶುರುಮಾಡುತ್ತದೆ ಎಂದು ಕೇಳಿದ್ದೆ. ಮರೆಯಿತೋ ಏನೋ, ಶುರುವಂತೂ ಮಾಡಲಿಲ್ಲ. ಮೆಮೊರಿ ಪಟ್ಟಿಗಳನ್ನು ಕಿತ್ತು, ಅಂಚನ್ನು ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಕೂರಿಸಿ ನೋಡಿದೆ. ಹಾರ್ಡ್ ಡಿಸ್ಕಿನ ತಂತಿ ತೆಗೆದೆ, ಹಾಕಿದೆ. ಕೈ ತರಚಿಕೊಂಡೆ. ಪ್ರತಿ ಸಲವೂ ಫ್ಯಾನಿನದು ಅದೇ ರಾಗ.

ಕೊನೆಗೆ ಒಂದು ಉಪಾಯ ಹೊಳೆಯಿತು. ಮೆಮೊರಿ ಪಟ್ಟಿಯೇ ಇಲ್ಲದೆ ಆನ್ ಮಾಡಿದರೆ ಯಾವ ಬೋರ್ಡಾದರೂ ಸುಮ್ಮನಿರುವುದಿಲ್ಲ, ಕೀಂ ಕೀಂ ಎಂದು ಬೊಬ್ಬೆ ಹಾಕುತ್ತದೆ. ಬೊಬ್ಬೆ ಹಾಕಿದರೆ ಒಳಗೆ ಜೀವವಿದೆ ಎಂದು ಲೆಕ್ಕ. ಎಲ್ಲ ಪಟ್ಟಿಗಳನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡು ಬಟನ್ ಒತ್ತಿದೆ. ಬೈಯಿ, ನಿನ್ನ ದಮ್ಮಯ್ಯ, ಎಷ್ಟು ಬೇಕೋ ಅಷ್ಟು ಬೈಯಿ ಎಂದು ಕಿವಿಯನ್ನು ಬೋರ್ಡಿನ ಹತ್ತಿರ ಹಿಡಿದು ಕಾದೆ. ಫ್ಯಾನಿನ ಗಾಳಿ ಕೆನ್ನೆಗೆ ಬಡಿಯಿತು. ಬೈಯಲೂ ಇಲ್ಲ ಕಣೇ. ಬೈಯುವಷ್ಟೂ ಉಳಿದಿಲ್ಲ ಅದರಲ್ಲಿ. ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅಳು ಬಂತು, ಅತ್ತೆ. ಇದನ್ನು ಅಕ್ಕನಿಗೆ ಓದಿ ಹೇಳಬೇಡ.

ಕೆಳಗಿನ ಓನರಮ್ಮ ಸದ್ದು ಕೇಳಿ ಮೇಲೆ ಬಂದರು. ‘ಪರದೆ ಮೇಲೆ ಏನಾದ್ರೂ ಇದ್ಯಾ ನೋಡಿ ಹೇಳಿ’ ಎಂದೆ. ತುಂಬಾ ಹೊತ್ತು ನೋಡಿ, ‘ಏನೂ ಇಲ್ಲಪ್ಪ, ಬರೀ ಕಪ್ಪು ಕಾಣ್ತಿದೆ’ ಎಂದರು. ‘ನನಗೂ ಅಷ್ಟೇ ಕಾಣ್ತಿರೋದು’ ಎಂದೆ. ನೀನಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆ ಪುಣ್ಯಾತ್ಗಿತ್ತಿ ಪಾಪ ಪಾಪ ಎಂದು ಲೊಚಗುಟ್ಟಿ ಕೆಳಗಿಳಿದು ಹೋದರು. ನನ್ನ ಜೋಕಿಗೆ ಈ ಬೀದಿಯಲ್ಲಿ ನಗುವವರು ಒಬ್ಬರೂ ಉಳಿದಿಲ್ಲ.

ಆಮೇಲೆ ‘ಈಗ್ಬಂದೆ’ಗೆ ಫೋನ್ ಮಾಡಿದೆ. ಆ ರಿಪೇರಿಯವನಿಗೂ ನೀನಿಟ್ಟ ಹೆಸರೇ ಗಟ್ಟಿಯಾಯಿತು ನೋಡು. ‘ಈಗ್ಬಂದೆ ಸಾರ್’ ಎಂದವನು ಸೋಮವಾರವನ್ನೂ ಕಳೆದು ಮಂಗಳವಾರ ಬಂದ. ಬಂದವನು ಚೆನ್ನಾಗಿಯೇ ನೋಡಿದ, ಸುಳ್ಳು ಹೇಳಬಾರದು. ‘ಬೋರ್ಡ್ ಸುಟ್ಟಿಲ್ಲ ಸಾರ್. ಇಲ್ಲೊಂದು ಎಂಟು ಕಾಲಿನ ಚಿಪ್ ಇದೆ, ಅದರಲ್ಲಿ ಬರೀತಾ ಇದ್ದಿದ್ದು ಅರ್ಧಕ್ಕೆ ನಿಂತುಹೋಗಿದೆ. ಹಳೇದೂ ಇಲ್ಲ, ಹೊಸದೂ ಇಲ್ಲ’ ಎಂದು ನನ್ನ ಬೆರಳನ್ನು ಹಿಡಿದು ಆ ಚಿಪ್ಪಿನ ಮೇಲಿಟ್ಟ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸರಿಯಾದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಹಿಂದಿನ ಒಂದು ತೂತಿಗೆ ಚುಚ್ಚಿ, ಪಕ್ಕದ ಬಟನ್ ಒತ್ತಿದರೆ ಬೋರ್ಡು ತಾನೇ ಓದಿಕೊಂಡು ಸರಿಹೋಗಬಹುದಂತೆ, ಓದುತ್ತಿರುವಾಗ ಒಂದು ದೀಪ ಮಿಣುಕುತ್ತದಂತೆ. ‘ಮಿಣುಕ್ತಾ ಇದೆ ಸಾರ್’ ಎಂದ. ನಾನು ಕುರ್ಚಿಯಿಂದ ಎದ್ದುನಿಂತೆ. ‘ಮಿಣುಕ್ತಾ ಇದೆ... ಇದೆ...’ ಎನ್ನುತ್ತಲೇ ಇದ್ದ. ಆಮೇಲೆ, ‘ಮಿಣುಕೋದು ನಿಂತು ಹಾಗೇ ಉರೀತಾ ಇದೆ ಸಾರ್’ ಎಂದ. ಹಾಗೇ ಉರಿದರೆ ಆಗಲಿಲ್ಲವೆಂದು ಅರ್ಥವಂತೆ. ಬೋರ್ಡನ್ನೇ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಒಯ್ದಿದ್ದಾನೆ. ಚಿಪ್ಪಿನ ಕಾಲುಗಳಿಗೆ ಕ್ಲಿಪ್ ಕಚ್ಚಿಸಿ ಬೇರೆ ಕಂಪ್ಯೂಟರಿನಿಂದ ಬರೆಸಿ ನೋಡುತ್ತಾನಂತೆ. ಗ್ಯಾರಂಟಿ ಇಲ್ಲ ಎಂದ.

ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎಂದು ನೀನು ಹೇಳಬಹುದು. ಅವಳ ದನಿ ಆ ಒಂದು ಬೋರ್ಡಿಗೆ ಮಾತ್ರ ಪರವಾನಗಿ ಪಡೆದದ್ದು, ಆ ದನಿ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಬೇರೆ ದನಿಗಳಿವೆ, ಇಲ್ಲವೆಂದಲ್ಲ. ಆದರೆ ಅವಳು ಹೇಳುವ ವೇಗಕ್ಕೆ ನನ್ನ ಕಿವಿ, ನನ್ನ ಕಿವಿಗೆ ನನ್ನ ಬೆರಳು ಒಗ್ಗಿಕೊಳ್ಳಲು ಅರ್ಧ ಆಯಸ್ಸು ಹಿಡಿಯಿತು. ಇನ್ನರ್ಧ ಆಯಸ್ಸನ್ನು ಎಲ್ಲಿಂದ ತರಲಿ? ಆಸ್ಪತ್ರೆಯ ಮೇಡಮ್ಮು ಬುಧವಾರದ ತನಕ ಕಾದು ನನ್ನ ಪಾಲಿನ ಟೇಪುಗಳನ್ನು ಬೇರೆಯವರಿಗೆ ಹಂಚಿದರು. ‘ಸರಿಯಾದ ಮೇಲೆ ಹೇಳಿ ಸಾರ್, ನೋಡೋಣ’ ಎಂದರು. ನೋಡೋಣ ಎಂದರೆ ಏನೆಂದು ನಿನಗೂ ಗೊತ್ತು, ನನಗೂ ಗೊತ್ತು.

ಈಗ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು, ಫ್ರಿಜ್ಜು ಗುರ್ರೆನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಕಂಪ್ಯೂಟರಿನ ಖಾಲಿ ಡಬ್ಬದ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಅಭ್ಯಾಸ ಬಲ. ಇಬ್ಬರು ಹೆಂಡಿರ ಗಂಡ ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ನೋಡು, ಈಗ ಒಬ್ಬಳೂ ಮಾತಾಡುವುದಿಲ್ಲ.

ಹಾಗೆಂದು ನಿನ್ನನ್ನು ಬಾ ಎಂದು ಕರೆಯಲು ಬರೆದ ಪತ್ರವಲ್ಲ ಇದು, ತಿಳಿದಿರಲಿ. ಈಗ ಕರೆದರೆ ಏನಾಗುತ್ತದೆ? ಕನ್ನಡಕ ಒಡೆಯಿತು, ಇನ್ನೊಂದು ಬೇಕು ಎಂದಂತಾಗುತ್ತದೆ. ನೀನು ಆಡಿದ ಮಾತನ್ನು ನಾನೇ ನಿಜ ಮಾಡಿದಂತಾಗುತ್ತದೆ. ನನಗೂ ಮಾನವಿದೆ. ಅದು ಸರಿಯಾಗಿ, ಅವಳು ಬಾಯಿಬಿಟ್ಟು, ನಿನ್ನ ಕಣ್ಣಿನಿಂದ ನನಗೇನೂ ಆಗಬೇಕಾಗಿಲ್ಲ ಎಂಬ ದಿನ ಬರಲಿ, ಅವತ್ತು ಕರೆಯುತ್ತೇನೆ. ಅದಕ್ಕಿಂತ ಒಂದು ದಿನ ಮೊದಲೂ ಕರೆಯುವುದಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಮಂಡಿ ಬೇಗ ಗಟ್ಟಿಯಾಗಲಿ ಎಂದು ನಾನು ಹಾರೈಸುವುದರಲ್ಲಿ ನನ್ನ ಸ್ವಾರ್ಥವಿಲ್ಲ ಎಂದೂ ಹೇಳು. ನಿನ್ನ ಸ್ವೆಟರು ಇಲ್ಲೇ ಗೂಟದ ಮೇಲಿದೆ, ಅಲ್ಲಿ ಚಳಿಯಾದರೆ ಅಕ್ಕನದನ್ನು ಹಾಕಿಕೋ. ಹುಷಾರು.

ನಿನ್ನ
ಗೊಣಗಪ್ಪ

ಇನ್ನೊಂದು ಮಾತು. ಲಕೋಟೆಯ ಮೇಲೆ ಓನರಮ್ಮನಿಂದ ವಿಳಾಸ ಬರೆಸಿ, ಇನ್ನೇನು ಅಂಟಿಸಬೇಕು, ಅಷ್ಟರಲ್ಲಿ ಈಗ್ಬಂದೆ ಬಂದ. ನಾಲ್ಕಕ್ಕೆ ಬರುತ್ತೇನೆ ಎಂದವನು ನಾಲ್ಕಕ್ಕೇ ಬಂದ. ಹೇಳಿದ ಹೊತ್ತಿಗೆ ಅವನು ಬಂದನೆಂದಾಗಲೇ ನನಗೆ ತಿಳಿದುಹೋಯಿತು. ಬೋರ್ಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು, ‘ಚಿಪ್ ಬದಲಾಯಿಸಿಯೂ ನೋಡ್ದೆ ಸಾರ್, ಏಳಲ್ಲ ಇದು’ ಎಂದ. ಅವಳು ಮಾತಾಡಿದ ದಿನ ನಿನ್ನನ್ನು ಕರೆಯುತ್ತೇನೆ ಎಂದು ಮೇಲೆ ಜಂಭದಿಂದ ಬರೆದಿದ್ದೇನೆ, ಅಳಿಸಲು ಬರುವುದಿಲ್ಲ. ಅವಳು ಇನ್ನು ಮಾತಾಡುವುದಿಲ್ಲ. ಡಬ್ಬ, ಪರದೆ ಎಲ್ಲವನ್ನೂ ಅವನ ಕೈಯಲ್ಲೇ ಕಳಿಸಿಬಿಟ್ಟೆ. ನೀನು ಓದಿ ಹೇಳಬೇಕಾದದ್ದು ಈ ಮನೆಯಲ್ಲಿ ಇನ್ನು ಏನೂ ಇಲ್ಲ. ಇಷ್ಟನ್ನು ಮಾತ್ರ ಕಣ್ಣು ಮುಚ್ಚಿ ಬೆರಳಲ್ಲಿ ಓದು: ಬಾ. ಬಂದು ಮೊದಲು ಚಪ್ಪಲಿ ಬಿಡು, ನೀರು ಕುಡಿ, ಕೂತ್ಕೋ. ಅವತ್ತು ನಿನ್ನ ಗೆಳತಿಯ ಮನೆಯಲ್ಲಿ ಏನೇನಾಯಿತು, ಎಲ್ಲ ಹೇಳು. ನಾನು ಕೇಳಲೇ ಇಲ್ಲ.