ಹಸಿರು ದೀಪದ ಮನೆ

ಗದಗ, ೨೨೧೪ರ ಹದಿಮೂರನೆಯ ತಿಂಗಳು

ಸುನಂದಜ್ಜಿಯವರಿಗೆ ಏಳು ತಲೆಮಾರಿನಾಚೆಯ ಗುರುಬಾಯಿಯ ನಮಸ್ಕಾರಗಳು. ನಿಮಗಿನ್ನೂ ಮೂವತ್ತೆರಡು ವಯಸ್ಸು. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹದಿಮೂರನೆಯದನ್ನು ನಾವೇ ಸೇರಿಸಿಕೊಂಡೆವು. ಇನ್ನೂ ಕೆಲವು ಮಾತು ವಿಚಿತ್ರವೆನಿಸಬಹುದು, ಕ್ಷಮಿಸಿ.

ನಿಮ್ಮನ್ನು ಕಾಡುತ್ತಿರುವ ಮೂತ್ರಪಿಂಡದ ಉರಿಯೂತ ನಮಗೆ ದೊಡ್ಡ ರೋಗವಲ್ಲ. ಪ್ರತಿ ಮನೆಯ ಶೌಚಾಲಯದಲ್ಲೂ ನೊರೆಗಾವಲು ಎಂಬ ಯಂತ್ರವಿದೆ. ಮೂತ್ರದಲ್ಲಿ ನೊರೆ ನಿಂತರೆ ಬಾಗಿಲ ಮೇಲಿನ ಹಸಿರು ದೀಪ ಕೆಂಪಾಗುತ್ತದೆ. ಒಂದು ಮಳೆಗಾಲ ಔಷಧಿ ಕುಡಿದರೆ ಮತ್ತೆ ಹಸಿರು. ತಡಮಾಡಿ ಮೂತ್ರಪಿಂಡ ಸುಕ್ಕುಗಟ್ಟಿದರೆ ಮಾತ್ರ ನಮ್ಮಲ್ಲೂ ಮದ್ದಿಲ್ಲ. ಇಷ್ಟು ಬುದ್ಧಿವಂತರಾದ ಮೇಲೆ ನಾವು ಮಾಡಿದ್ದೇನು ಕೇಳಿ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಮುಟ್ಟುವ ಮೊದಲು, ಕೈಕಾಲು ತೊಳೆಯುವ ನೆಪದಲ್ಲಿ ದೀಪ ನೋಡಿ ಬರುತ್ತಾರೆ.

ನನ್ನ ಅಕ್ಕ ಶರಣಮ್ಮನ ಮಗಳು ನೀಲಗಂಗಾ. ಸಂಬಂಧ ಕೂಡಿಬರುವ ಹೊತ್ತಿಗೇ ಅವರ ಮನೆಯ ದೀಪ ಕೆಂಪಾಯಿತು. ಔಷಧಿ ತಂದರೆ ಊರಿಗೆಲ್ಲ ಗೊತ್ತಾಗುತ್ತದೆ. "ಮದುವಿ ಒಂದು ಮುಗೀಲಿ, ಆಮ್ಯಾಲೆ ನೋಡೋಣು," ಎಂದಳಂತೆ ಅಕ್ಕ. ನೊರೆಗಾವಲಿಲ್ಲದ ಶೌಚಾಲಯ ಉಳಿದಿರುವುದು ಹಳೆಯ ಬಸ್ ನಿಲ್ದಾಣದಲ್ಲಿ ಮಾತ್ರ; ಮಗಳನ್ನು ದಿನವೂ ಅಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ಸಾಲಿರುತ್ತದಂತೆ, ನಿಂತವರೆಲ್ಲ ಮದುವೆಯ ವಯಸ್ಸಿನವರೇ ಅಂತೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲವಂತೆ. ಮನೆಯ ದೀಪ ಹಸಿರಾಯಿತು, ಮದುವೆಯೂ ಆಯಿತು. ಗಂಡನ ಮನೆಯ ದೀಪಕ್ಕೂ ಹೆದರಿ ಹುಡುಗಿ ನಿಲ್ದಾಣದ ದಾರಿ ಬಿಡಲಿಲ್ಲ. ವರ್ಷ ತುಂಬುವ ಮೊದಲೇ ಹುಡುಗಿ ಕಾಲು ಊದಿಕೊಂಡು ಆಸ್ಪತ್ರೆ ಸೇರಿದಳು. ಎರಡೂ ಮೂತ್ರಪಿಂಡ ಸುಕ್ಕುಗಟ್ಟಿವೆ.

ಅವಳ ಹಾಸಿಗೆಯ ಪಕ್ಕ ಕುಳಿತು ನಮ್ಮ ಅವ್ವ ಆಗ ಬಾಯಿ ಬಿಟ್ಟಳು. "ನಮ್ಮ ಮನಿತನದಾಗ ಇದು ಮೊದಲಿಂದ ಐತಿ. ಸುನಂದಜ್ಜಿ ಗುಳಿಗಿ ನುಂಗಿಕೋತ ಎಂಬತ್ತು ವರ್ಷ ಬಾಳಿದ್ಲಂತ."

ಮಗಳ ಮದುವೆಯಾದ ಮೇಲಷ್ಟೇ ತಾಯಿ ಅವಳ ಕಿವಿಯಲ್ಲಿ ಹೇಳುವ ಗುಟ್ಟಂತೆ ಇದು. ಅಕ್ಕನಿಗೆ ಗೊತ್ತಿತ್ತು. ಮದುವೆಯಾಗದ ನನಗೆ ಯಾರೂ ಹೇಳಿರಲಿಲ್ಲ. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ.

ನೀಲಗಂಗಾ ತನ್ನ ಅಜ್ಜಿಯಾದ ನಮ್ಮ ಅವ್ವನನ್ನೇ ನೋಡುತ್ತಿದ್ದಳು. "ಇದ್ದೂ ಬಾಳಬಹುದು ಅಂತ ಗೊತ್ತಿದ್ದಿದ್ರ ನಾ ಇಷ್ಟು ಹೆದರತಿದ್ದಿಲ್ಲ, ಆಯಿ," ಎಂದಳು.

ಅಜ್ಜಿ, ಗುಳಿಗೆಯಿಂದ ನಿಮ್ಮ ಮುಖ ಊದಿದೆಯಂತೆ. ಕೇಳಿದವರಿಗೆ ಥೈರಾಯ್ಡ್ ಎನ್ನುತ್ತೀರಂತೆ. ಇನ್ನೊಮ್ಮೆ ಯಾರಾದರೂ ಕೇಳಿದರೆ, ಮೂತ್ರಪಿಂಡದ ಉರಿಯೂತ, ಔಷಧಿ ನಡೆದಿದೆ ಎಂದುಬಿಡಿ. ಹೇಳುವಾಗ ಮಗಳನ್ನು ಒಳಗೆ ಕಳಿಸಬೇಡಿ.