ಅತ್ತಿಗೆಯ ಎಡಗೈ ತೋರುಬೆರಳು

ಮಾನ್ಯ ಚುನಾವಣಾಧಿಕಾರಿಗಳೇ,

ಕಳೆದ ಮಾರ್ಚಿಯ ಲೋಕಸಭಾ ಚುನಾವಣೆಯಲ್ಲಿ ನನ್ನ ಅತ್ತಿಗೆಯನ್ನು ವೋಟು ಹಾಕಲು ನಿಮ್ಮವರು ಬಿಡಲಿಲ್ಲ. ಪಟ್ಟಿಯಲ್ಲಿ ಅವರ ಹೆಸರಿತ್ತು, ವಯಸ್ಸು ಮೂವತ್ತನಾಲ್ಕಾಗಿತ್ತು, ಬುದ್ಧಿ ನೆಟ್ಟಗಿತ್ತು, ಬೆಳಿಗ್ಗೆ ಎಂಟಕ್ಕೆಲ್ಲ ಸಾಲಿನಲ್ಲಿ ನಿಂತಿದ್ದರು. ನಿಮ್ಮ ಶಾಯಿ ಹಚ್ಚಿಸಿಕೊಳ್ಳಲು ಬೇಕಾದ ಎಡಗೈ ತೋರುಬೆರಳು ಕೂಡ ಕೈಯಲ್ಲೇ ಇತ್ತು. ಆದರೆ ಆ ಹೊತ್ತಿಗೆ ಅದು ದೇವರ ಪಾಲಾಗಿತ್ತು. ಈ ವಿಷಯವಾಗಿ ನಾನು ಈಗಾಗಲೇ ಮೂರು ಅರ್ಜಿ ಬರೆದಿದ್ದೇನೆ. ಮೊದಲನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬಂತು. ಎರಡನೆಯದಕ್ಕೆ ‘ಮೊದಲನೆಯದರ ಉತ್ತರವನ್ನು ನೋಡಿಕೊಳ್ಳುವುದು’ ಎಂದು ಬಂತು. ಮೂರನೆಯದಕ್ಕೆ ಏನೂ ಬರಲಿಲ್ಲ, ಆದ್ದರಿಂದ ಅದೊಂದನ್ನು ಯಾರೋ ಓದಿರಬೇಕು ಎಂದು ನನ್ನ ಊಹೆ. ನಾಲ್ಕನೆಯದನ್ನು ಎಲ್ಲರೂ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಅತ್ತಿಗೆಯ ಹೆಸರು ಭಾರತಮ್ಮ. ಇದರಲ್ಲಿ ಶ್ಲೇಷೆ ಹುಡುಕಬೇಡಿ. ನನಗೆ ಶ್ಲೇಷೆಯ ಚಟವಿರುವುದು ನಿಜವಾದರೂ ಈ ಹೆಸರಿಟ್ಟವರು ಅವರಪ್ಪ. ಮುಳಬಾಗಿಲು ತಾಲ್ಲೂಕು ಬೈರಕೂರು ಹೋಬಳಿಯ ನಮ್ಮೂರಿನಲ್ಲಿ ನನ್ನ ಅಣ್ಣ ಕೋದಂಡರಾಮಪ್ಪನವರ ಜೊತೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳು, ರಾಗಿ, ಎರಡು ಎಮ್ಮೆ, ಮೂರು ಮಕ್ಕಳನ್ನು ಸಾಕುತ್ತಾರೆ. ನಾನು ಕೋಲಾರದ ಒಂದು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವವನು. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಮುಂದೆ ನಡೆದ ಅನಾಹುತಕ್ಕೆ ಈ ತರ್ಕಶಾಸ್ತ್ರವೂ ಅರ್ಧ ಕಾರಣ.

ನಮ್ಮ ಕಡೆ ಕೆಲವು ಮನೆತನಗಳಲ್ಲಿ, ಹಿರಿಯ ಮಗಳಿಗೆ ಕಿವಿ ಚುಚ್ಚುವ ಮುಂಚೆ ತಾಯಿ ಮನೆದೇವರಿಗೆ ಬೆರಳು ಕೊಡಬೇಕು. ಗಾಬರಿಯಾಗಬೇಡಿ. ಒಂದು ಕಾಲದಲ್ಲಿ ನಿಜವಾಗಿಯೇ ಗೆಣ್ಣು ಕತ್ತರಿಸಿ ಕೊಡುತ್ತಿದ್ದರಂತೆ. ನಮ್ಮಮ್ಮ ರಾಮಲಕ್ಷ್ಮಮ್ಮನವರ ಅಜ್ಜಿಯ ಅಜ್ಜಿಗೆ ಬಲಗೈಯ ಎರಡು ಬೆರಳು ಮೊಂಡಾಗಿದ್ದವಂತೆ. ಆಮೇಲೆ ಆಗಿನ ಸರ್ಕಾರ ಇದು ಕೂಡದು ಎಂದಿತು. ಊರವರು ಹೋಗಿ ದೇವರನ್ನು ಕೇಳಿದರು. ದೇವರು ಸರ್ಕಾರದ ಆದೇಶಕ್ಕೆ ತಲೆಬಾಗಿ, ಗೆಣ್ಣು ಬೇಡ, ಬೆರಳಿಗೆ ಸುತ್ತಿದ ಹೂವು ಸಾಕು ಎಂದ. ಅದಾದ ಮೇಲೆ ನಮ್ಮ ಮನೆಯ ಒಬ್ಬ ಮುತ್ತಜ್ಜಿ, ‘ಮೂರು ದಿನ ಬಲಗೈಗೆ ಹೂ ಸುತ್ಕೊಂಡು ಕೂತ್ರೆ ಮುದ್ದೆ ತಿರುವೋರು ಯಾರು, ಎಡಗೈ ತಗೋ’ ಅಂದಳಂತೆ. ದೇವರು ಅದಕ್ಕೂ ಒಪ್ಪಿದ. ಅಂದಿನಿಂದ ನಮ್ಮ ಮನೆಯಲ್ಲಿ ಕೊಡುವುದು ಎಡಗೈ ತೋರುಬೆರಳು. ಮೊದಲ ದಿನ ಅರಿಶಿನದ ದಾರದಲ್ಲಿ ಕಣಗಿಲೆ ಹೂ ಸೇರಿಸಿ ಬೆರಳಿನ ಬುಡದಿಂದ ತುದಿಯವರೆಗೆ ಸುತ್ತುತ್ತಾರೆ. ಮೂರನೆಯ ದಿನ ದೇವರ ಮುಂದೆ ಆಚಾರಿ ಉಳಿ ಮುಟ್ಟಿಸಿದ ಹಾಗೆ ಮಾಡಿ, ಹೂವಿನ ಆ ಗವಸನ್ನು ಎಳೆದುಬಿಡುತ್ತಾನೆ. ಬೆರಳು ಕೊಟ್ಟಂತಾಯಿತು. ಅಲ್ಲಿಯವರೆಗೆ ದಾರ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಆ ವರ್ಷ ಮಗಳ ಕಿವಿಗೆ ಸೂಜಿ ಮುಟ್ಟಿಸುವ ಹಾಗಿಲ್ಲ.

ಆರು ವರ್ಷದ ಆದಿಲಕ್ಷ್ಮಿಯ ಕಿವಿಗೆ ನಾವು ದಿನ ಗೊತ್ತುಮಾಡಿದ್ದು ಹಿಂದಿನ ದೀಪಾವಳಿಯಲ್ಲಿ. ನೀವು ಚುನಾವಣೆಗೆ ದಿನ ಗೊತ್ತುಮಾಡಿದ್ದು ಸಂಕ್ರಾಂತಿ ಕಳೆದ ಮೇಲೆ. ಹೂ ಸುತ್ತಿದ ಎರಡನೆಯ ದಿನವೇ ನಿಮ್ಮ ಮತದಾನ ಬಂದು ಕೂತಿತು. ನಮ್ಮ ಭಾಷೆಯಲ್ಲಿ ದೇವರನ್ನು ನಂಬುವುದಕ್ಕೂ ಮತ ಎನ್ನುತ್ತಾರೆ, ನಿಮ್ಮ ಪೆಟ್ಟಿಗೆಗೆ ಹಾಕುವುದಕ್ಕೂ ಮತ ಎನ್ನುತ್ತಾರೆ. ಒಂದು ಮತಕ್ಕೆ ಇನ್ನೊಂದು ಅಡ್ಡ ಬಂದರೆ ಯಾವುದು ಪಕ್ಕಕ್ಕೆ ಸರಿಯಬೇಕೆಂದು ನಿಮ್ಮ ಕೈಪಿಡಿಯಲ್ಲಿ ಬರೆದಿಲ್ಲ. ನಾನು ಓದಿ ನೋಡಿದ್ದೇನೆ.

ಒಂದು ವೋಟಿಗೆ ಇಷ್ಟು ರಂಪವೇ ಎಂದು ನೀವು ಕೇಳಬಹುದು. ಹಾಗಾದರೆ ಆ ವೋಟಿನ ಕಥೆ ಕೇಳಿ. ನಮ್ಮ ಅಣ್ಣ ಪಾರ್ಟಿ ಮನುಷ್ಯ. ಯಾವ ಪಾರ್ಟಿ ಎಂಬುದು ಇಲ್ಲಿ ಬೇಡ. ಅವರು ಬಸ್ ಸ್ಟಾಂಡಿನಲ್ಲಿ ಮಾತಾಡಿದರೆ ಎದುರಿನ ಬೆಟ್ಟದ ಮೇಲೆ ಕುರಿ ಕಾಯುವವನಿಗೂ ಯಾವ ಪಾರ್ಟಿ ಎಂದು ಗೊತ್ತಾಗುತ್ತದೆ. ಪ್ರತಿ ಚುನಾವಣೆಯ ಹಿಂದಿನ ದಿನ ಅವರು ಊಟಕ್ಕೆ ಕೂತು ‘ನಾಳೆ ಇಂಥಾ ಗುರುತು’ ಎನ್ನುವುದು, ಅತ್ತಿಗೆ ಮಜ್ಜಿಗೆ ಬಡಿಸುತ್ತಾ ‘ಹ್ಞೂ’ ಎನ್ನುವುದು, ಮಾರನೆಯ ದಿನ ಹೋಗಿ ಅದರ ಮೇಲೇ ಒತ್ತಿ ಬರುವುದು. ಮದುವೆಯಾಗಿ ಬಂದಾಗಿನಿಂದ ಹೀಗೇ ನಡೆದಿತ್ತು. ಆಮೇಲೆ ಬಂತಲ್ಲ, ತುರ್ತು ಪರಿಸ್ಥಿತಿಯ ಆ ಎರಡು ವರ್ಷ. ಮಾತು ಕಡಿಮೆ ಮಾಡಿ ದುಡಿಮೆ ಹೆಚ್ಚಿಸಿ ಎಂದು ಎಲ್ಲೆಲ್ಲೂ ಬರೆಸಿದ್ದರು. ಮಾತಾಡುವುದೇ ದುಡಿಮೆಯಾದ ನನ್ನಂಥ ಮೇಷ್ಟರು ಏನು ಮಾಡಬೇಕೆಂದು ಬರೆಸಿರಲಿಲ್ಲ. ನಮ್ಮಣ್ಣನೂ ಮೆಲ್ಲಗೆ ಮಾತಾಡಲು ಕಲಿತರು. ಬೇರೆಯವರಿಗೆ ಅದು ನೆಮ್ಮದಿ ತಂದಿತು. ಅತ್ತಿಗೆಗೆ ಮಾತ್ರ ಅನುಮಾನ ಬಂತು.

“ಹದಿನೈದು ವರ್ಷದಿಂದ ನೋಡಿದೀನಿ ಕಣಪ್ಪ, ಈ ಮನುಷ್ಯ ಉಪ್ಪು ಕೇಳಿದ್ರೂ ಊರಿಗೆಲ್ಲ ಕೇಳ್ಸುತ್ತೆ,” ಎಂದರು ನನ್ನ ಹತ್ತಿರ. “ಇವ್ರೇ ಪಿಸುಪಿಸು ಅಂತಾರೆ ಅಂದ್ರೆ, ಇವ್ರು ಹೇಳಿದ್ದಕ್ಕೆ ಒತ್ತೋದು ಸಾಕು. ಈ ಸಲ ನಾನೇ ಯೋಚ್ನೆ ಮಾಡಿ ಹಾಕ್ತೀನಿ.”

“ಯಾರಿಗೆ ಅತ್ತಿಗೆ?”

“ನಿಂಗ್ಯಾಕೆ?”

ಅವರು ನಿಜಕ್ಕೂ ಯೋಚನೆ ಮಾಡಿದರು. ಸೊಪ್ಪು ಹೆಚ್ಚುತ್ತಾ ರೇಡಿಯೋ ಕೇಳಿದರು. ಎರಡು ಪಾರ್ಟಿಯವರ ಜೀಪು ಬಂದಾಗಲೂ ಬಾಗಿಲಿಗೆ ಬಂದು ನಿಂತು ಪೂರ್ತಿ ಕೇಳಿಸಿಕೊಂಡರು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಅಣ್ಣ ಗುರುತು ಹೇಳಿದಾಗ, ಮಜ್ಜಿಗೆಯೇನೋ ಬಂತು, ‘ಹ್ಞೂ’ ಬರಲಿಲ್ಲ. ಅಣ್ಣ ಎರಡನೆಯ ಸಲ ಹೇಳಿದರು. ಅತ್ತಿಗೆ, “ಉಪ್ಪಿನಕಾಯಿ ಬೇಕಾ?” ಎಂದರು.

ಮಾರನೆಯ ದಿನ ನಮ್ಮೂರ ಶಾಲೆಯ ಕೋಣೆಯಲ್ಲಿ ಮತಗಟ್ಟೆ. ಅಲ್ಲಿ ಕೂತಿದ್ದ ನಿಮ್ಮ ಅಧಿಕಾರಿ ಒಳ್ಳೆಯವರು, ಮಾಲೂರು ಕಡೆಯ ಹೆಡ್‌ಮಾಸ್ಟರಂತೆ. ಕೆಟ್ಟವರಾಗಿದ್ದಿದ್ದರೆ ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು. ಹೆಂಗಸರ ಸಾಲಿನಲ್ಲಿ ಅತ್ತಿಗೆಯ ಸರದಿ ಬಂದಾಗ ಗಂಡಸರ ಸಾಲಿನಲ್ಲಿ ನಾನೂ ನನ್ನ ಹಿಂದೆ ಅಣ್ಣನೂ ಬಾಗಿಲ ಒಳಗೇ ಇದ್ದೆವು. ಶಾಯಿಯ ಕಡ್ಡಿ ಹಿಡಿದಿದ್ದವನು ಹೂವಿನ ಬೆರಳು ನೋಡಿ ಅಧಿಕಾರಿಯ ಮುಖ ನೋಡಿದ.

“ಎಡಗೈ ತೋರುಬೆರಳು ಕೊಡಿ ತಾಯಿ,” ಎಂದರು ಅಧಿಕಾರಿ.

“ಅದು ಬರಲ್ಲ ಸ್ವಾಮಿ. ಪಕ್ಕದ್ದಕ್ಕೆ ಹಚ್ಚಿ.”

“ಗಾಯ ಆಗಿದೆಯಾ?”

“ಇಲ್ಲ. ಕೊಟ್ಬಿಟ್ಟಿದೀನಿ.”

“ಯಾರಿಗೆ?”

“ದೇವ್ರಿಗೆ.”

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. “ಇಲ್ಲೇ ಇದೆಯಲ್ಲಮ್ಮ ಬೆರಳು.”

“ಇದೆ. ನನ್ದಲ್ಲ ಅಷ್ಟೆ.”

ಅವರು ಕೈಪಿಡಿ ತೆಗೆದು ಓದಿದರು. ತೋರುಬೆರಳಿಗೆ ಗುರುತು ಹಾಕಿಸಿಕೊಳ್ಳದವರಿಗೆ ಚೀಟಿ ಕೊಡುವಂತಿಲ್ಲ. ತೋರುಬೆರಳೇ ಇಲ್ಲದವರಿಗೆ ಮಾತ್ರ ಅದೇ ಕೈಯ ಬೇರೆ ಬೆರಳಿಗೆ ಹಾಕಬಹುದು. ಎರಡು ಪಾರ್ಟಿಯ ಏಜೆಂಟರೂ ಎದ್ದು ನಿಂತರು. ಅಣ್ಣನ ಪಾರ್ಟಿಯ ಸುಬ್ಬರಾಯಪ್ಪ, ಎದುರು ಪಾರ್ಟಿಯ ಮುನಿರಾಮಪ್ಪ; ಇಬ್ಬರೂ ಎದುರುಬದುರಾದರೆ ಒಬ್ಬ ರಸ್ತೆ ದಾಟುತ್ತಾನೆ. ಅವತ್ತು ಮಾತ್ರ ಇಬ್ಬರದೂ ಒಂದೇ ಮಾತು: “ಪೋನೀ ಸಾರ್, ವೆಯ್ಯನೀಂಡಿ.” ಹೋಗಲಿ ಬಿಡಿ, ಹಾಕಲಿ ಎಂದು. ಆ ವೋಟು ತನ್ನದೇ ಎಂದು ಇಬ್ಬರಿಗೂ ಖಾತ್ರಿ.

ಇಲ್ಲಿ ನನ್ನ ತರ್ಕಶಾಸ್ತ್ರ ಬಾಯಿ ಹಾಕಿತು. ನಾನು ಗಂಟಲು ಸರಿಮಾಡಿಕೊಂಡು, “ನೋಡಿ ಸಾರ್, ದಾನ ಕೊಟ್ಟ ವಸ್ತು ಕೊಟ್ಟವರದಲ್ಲ. ಬೆರಳು ದಾನವಾಗಿದೆ. ಆದ್ದರಿಂದ ಇವರಿಗೆ ತೋರುಬೆರಳಿಲ್ಲ. ನಿಮ್ಮ ನಿಯಮದ ಪ್ರಕಾರವೇ ನಡುಬೆರಳಿಗೆ ಹಚ್ಚಬಹುದು,” ಎಂದೆ. ಕೋಣೆ ಮೆಚ್ಚಿತು. ಅಧಿಕಾರಿಯೂ ಮೆಚ್ಚಿದರು ಎಂದೇ ನನ್ನ ನಂಬಿಕೆ; ಕೈಪಿಡಿ ಅರ್ಧ ಮುಚ್ಚಿದ್ದರು. ಒಂದೇ ಒಂದು ಪ್ರಶ್ನೆ ಕೇಳಿದರು. “ದಾನ ಪೂರ್ತಿ ಆಗಿದೆಯಾ, ಇನ್ನೂ ಆಗಬೇಕಾ?”

ಆಗಿದೆ ಎನ್ನಬಹುದಿತ್ತು. ನಮ್ಮಮ್ಮ ಹಾಗೇ ಅನ್ನುತ್ತಿದ್ದರು. ಸುಬ್ಬರಾಯಪ್ಪ ಕಣ್ಣಿನಲ್ಲೇ ಹಾಗನ್ನು ಎಂದು ಹೇಳುತ್ತಿದ್ದ. ನಾನು ಹನ್ನೊಂದು ವರ್ಷದಿಂದ ಹುಡುಗರಿಗೆ ಖಚಿತತೆ ಕಲಿಸಿದವನು. “ನಿಖರವಾಗಿ ಹೇಳುವುದಾದರೆ, ನಾಳೆ ಬೆಳಿಗ್ಗೆ ಆಗುತ್ತದೆ,” ಎಂದೆ.

“ಹಾಗಾದರೆ ಇವತ್ತು ಬೆರಳಿದೆ,” ಎಂದರು ಅಧಿಕಾರಿ. ಕೈಪಿಡಿ ಮುಚ್ಚಿತು.

ಅತ್ತಿಗೆ ನನ್ನನ್ನು ನೋಡಿದ ಆ ನೋಟವನ್ನು ನಿಮ್ಮ ಕಚೇರಿಗೆ ಲಗತ್ತಿಸಿ ಕಳಿಸುವ ಉಪಾಯವಿದ್ದಿದ್ದರೆ ಉಳಿದ ಪತ್ರ ಬೇಕಾಗುತ್ತಿರಲಿಲ್ಲ.

ಅಧಿಕಾರಿಗೂ ಸಂಕಟವಾಯಿತು. “ಎರಡು ನಿಮಿಷ ಬಿಚ್ಚಿ, ಮತ್ತೆ ಸುತ್ತಿಕೊಳ್ಳಿ ತಾಯಿ, ಯಾರು ಕೇಳ್ತಾರೆ,” ಎಂದರು. ಆಮೇಲೆ ನಮ್ಮಣ್ಣನ ಕಡೆ ತಿರುಗಿ, “ಯಜಮಾನ್ರು ಏನಂತೀರಿ?” ಎಂದರು. ತನ್ನ ಪಾರ್ಟಿಗೆ ಒಂದೊಂದು ವೋಟಿಗೂ ಆರು ತೋಟ ಸುತ್ತಿದ್ದ ನಮ್ಮಣ್ಣ, ಒಬ್ಬ ಮುದುಕನನ್ನು ಮಂಚದ ಸಮೇತ ಹೊರಿಸಿಕೊಂಡು ಬಂದಿದ್ದ ನಮ್ಮಣ್ಣ, ಸ್ವಲ್ಪ ಹೊತ್ತು ಗೋಡೆಯ ಮೇಲಿನ ಭಾರತದ ನಕ್ಷೆ ನೋಡಿದರು. ಆಮೇಲೆ, “ರೂಲ್ಸ್ ಅಂದ್ರೆ ರೂಲ್ಸೇ ಅಲ್ವಾ ಸಾರ್,” ಎಂದರು. ಸುಬ್ಬರಾಯಪ್ಪ ಬಾಯಿ ತೆರೆದವನು ಹಾಗೇ ಉಳಿದ. ಹಿಂದಿನ ದಿನದ ಉಪ್ಪಿನಕಾಯಿಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಅತ್ತಿಗೆ ದಾರದ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒಂದು ಕ್ಷಣ ನಿಂತರು. ಬಿಚ್ಚಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. “ಮಗು ನೆನ್ನೆಯಿಂದ ಕನ್ನಡಿ ಬಿಟ್ಟಿಲ್ಲ,” ಎಂದು ಯಾರಿಗೂ ಹೇಳದ ಹಾಗೆ ಹೇಳಿ, ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಮನೆಗೆ ಹೋಗಲಿಲ್ಲ. ನಿಮ್ಮ ಅಧಿಕಾರಿಯ ಮನಸ್ಸು ಬದಲಾದೀತೆಂದು ಶಾಲೆಯ ಜಗಲಿಯ ಮೇಲೆ ಕೂತರು. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾದಾಗ ಎದ್ದು ಹೋಗಿ, ಹಾಕಿ, ಮತ್ತೆ ಬಂದು ಕೂತರು. ಮತದಾನ ಮುಗಿದು ಪೆಟ್ಟಿಗೆಗೆ ಅರಗಿನ ಮುದ್ರೆ ಬೀಳುವವರೆಗೂ ಕೂತಿದ್ದರು. ನೀವು ಆಮೇಲೆ ವರದಿಯಲ್ಲಿ, ನಮ್ಮ ಹೋಬಳಿಯಲ್ಲಿ ವೋಟು ಹಾಕದ ಹೆಂಗಸರ ಸಂಖ್ಯೆ ಕೊಟ್ಟು ‘ಗ್ರಾಮೀಣ ಮಹಿಳೆಯರ ನಿರಾಸಕ್ತಿ’ ಎಂದು ಬರೆದಿರಲ್ಲ, ಅದರಲ್ಲಿ ಒಬ್ಬರ ನಿರಾಸಕ್ತಿ ಈ ಬಗೆಯದು.

ಮಾನ್ಯರೇ, ನಾನು ದೇವರನ್ನು ಅಷ್ಟಾಗಿ ನಂಬುವವನಲ್ಲ. ಆದರೂ ಕೇಳುತ್ತೇನೆ: ಆ ದೇವರು ಗೆಣ್ಣು ಬಿಟ್ಟು ಹೂವಿಗೆ ಇಳಿದ, ಬಲಗೈ ಬಿಟ್ಟು ಎಡಗೈಗೆ ಬಂದ, ಒಬ್ಬ ಹೆಂಗಸಿನ ಮುದ್ದೆಯ ಕೆಲಸ ಕೆಡದಿರಲಿ ಎಂದು. ನಿಮ್ಮ ಶಾಯಿ ಹುಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲ. ಅದಕ್ಕೆ ಒಂದು ಬೆರಳು ಪಕ್ಕಕ್ಕೆ ಸರಿಯಲು ಆಗದೇ? ನಾವು ಓದಿದವರು ದೇವರ ಹಟದ ಬಗ್ಗೆ ಭಾಷಣ ಮಾಡುತ್ತೇವೆ. ಹಟ ಯಾರಲ್ಲಿದೆ ಎಂದು ನಾನು ಬೆರಳು ಮಾಡಿ ತೋರಿಸುವುದಿಲ್ಲ. ನಮ್ಮ ಮನೆಯ ಬೆರಳಿಗೆ ಈಗಾಗಲೇ ಬೇಕಾದಷ್ಟು ಕೆಲಸವಾಗಿದೆ.

ಮಾರನೆಯ ದಿನ ಬೆರಳು ಕೊಟ್ಟಾಯಿತು, ಆದಿಲಕ್ಷ್ಮಿ ಊರೆಲ್ಲ ಕೇಳುವಂತೆ ಅತ್ತು ಕಿವಿ ಚುಚ್ಚಿಸಿಕೊಂಡಳು. ಅದೇ ತಿಂಗಳು ದಿಲ್ಲಿಯಲ್ಲಿ ಸರ್ಕಾರ ಬದಲಾಯಿತು. ಅಣ್ಣ ಒಂದು ವಾರ ತಡೆದುಕೊಂಡರು. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ, “ಈಗ ಹೇಳಬಹುದಲ್ಲ, ಯಾರಿಗೆ ಅಂತಿದ್ದೆ?” ಎಂದು ಕೇಳಿದರು.

“ಹಾಕೇ ಇಲ್ಲ, ಏನ್ ಹೇಳ್ಲಿ,” ಎಂದರು ಅತ್ತಿಗೆ.

“ಹಾಕಿದ್ದಿದ್ರೆ?”

“ಹಾಕಿದ್ದಿದ್ರೆ ಗುಟ್ಟು ಅಂತ ಆ ಸಾಹೇಬ್ರೇ ಗೋಡೆ ಮೇಲೆ ಬರೆಸಿದ್ರಲ್ಲ.”

ಈಗ ವಿಧಾನಸಭೆಗೆ ಚುನಾವಣೆ ಬರುತ್ತಿದೆ. ಹೋದ ಭಾನುವಾರ ಊರಿಗೆ ಹೋಗಿದ್ದಾಗ ಅತ್ತಿಗೆಗೆ, “ಆದದ್ದಾಯ್ತು, ಈ ಸಲ ಹಾಕಬಹುದಲ್ಲ,” ಎಂದು ಸಮಾಧಾನ ಹೇಳಲು ಹೋದೆ. ಅವರು ತಟ್ಟೆಗಳಲ್ಲಿ ಸೊಪ್ಪು ಹರಡುತ್ತಿದ್ದರು, ತಲೆ ಎತ್ತಲಿಲ್ಲ.

“ಇದು ಬೆಂಗ್ಳೂರಿಗೆ. ಅದು ದಿಲ್ಲಿಗೆ ಅಂತ ಯೋಚ್ನೆ ಮಾಡಿಟ್ಟಿದ್ದು. ಅದನ್ನ ಇದಕ್ಕೆ ಹಾಕಕ್ಕಾಗುತ್ತಾ?”

“ಹಾಗಾದ್ರೆ ಅದು?”

“ಇದೆ. ಎಲ್ಲೋಗುತ್ತೆ.” ಇನ್ನೊಂದು ತಟ್ಟೆ ಎಳೆದುಕೊಂಡು ಹೇಳಿದರು: “ನೀನೇ ಕೆಡಿಸಿದ್ದು ರಮಣಪ್ಪ. ನೀನೇ ಬರಿ.”

ಅದಕ್ಕೇ ಬರೆಯುತ್ತಿದ್ದೇನೆ. ತೋರುಬೆರಳು ಹರಕೆಯಿಂದಲೋ ಗಾಯದಿಂದಲೋ ಸಿಗದಿದ್ದರೆ ಪಕ್ಕದ ಬೆರಳಿಗೆ ಹಚ್ಚಬಹುದೆಂದು ನಿಮ್ಮ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಲು ಮೇಲಿನವರಿಗೆ ಬರೆಯಿರಿ; ನಮ್ಮ ಕಡೆ ಹೆಣ್ಣುಮಕ್ಕಳು ಇನ್ನೂ ಹುಟ್ಟುತ್ತಾರೆ. ಎರಡನೆಯ ಬೇಡಿಕೆ ಅತ್ತಿಗೆಯದು, ನಿಯಮದಲ್ಲಿ ಅದಕ್ಕೆ ಜಾಗವಿಲ್ಲವೆಂದು ತಿಳಿದೇ ಕಳಿಸುತ್ತಿದ್ದೇನೆ. ಮುಂದಿನ ತಿಂಗಳು ಅವರು ಮತಗಟ್ಟೆಗೆ ಬಂದಾಗ ಈ ಸಲದ ಚೀಟಿಯ ಜೊತೆಗೆ, ಕಳೆದ ಮಾರ್ಚಿಯದೂ ಒಂದು ಚೀಟಿ ಉಳಿದಿದ್ದರೆ ಕೊಡಿ. ಮರೆಗೆ ಹೋಗಿ ನಿಲ್ಲಲು ಒಂದು ನಿಮಿಷ ಕೊಡಿ. ಅದನ್ನು ಎಣಿಸಿ ಎಂದು ಕೇಳುತ್ತಿಲ್ಲ. ಪೆಟ್ಟಿಗೆಗೆ ಹಾಕಿಸಿಕೊಳ್ಳಿ ಎಂದೂ ಕೇಳುತ್ತಿಲ್ಲ, ಅವರ ಎದುರಿಗೇ ಹರಿದು ಹಾಕಿದರೂ ಸರಿ. ಅವರು ತಾವೇ ಯೋಚಿಸಿಟ್ಟ ಗುರುತಿನ ಮೇಲೆ ಒಂದು ಸಲ ಒತ್ತಲಿ.

ಇಂತಿ,
ನಿಖರವಾಗಿ ಮಾತಾಡಿ ಮನೆಯಲ್ಲಿ ಮಜ್ಜಿಗೆ ಕಳೆದುಕೊಂಡಿರುವ ಮೈದುನ,
ವೆಂಕಟರಮಣಪ್ಪ
ತರ್ಕಶಾಸ್ತ್ರದ ಅಧ್ಯಾಪಕ, ಕೋಲಾರ
ಜನವರಿ ೧೯೭೮