ಗೀಟು ಸೊನ್ನೆಯಲ್ಲ

ಮಾರ್ಚ್ ೧೪, ಶುಕ್ರವಾರ. ನಿಮ್ಮ ನೋಟಿಸು ನನ್ನ ಅಕ್ಕನ ಅಂಗಡಿಯ ಬಾಗಿಲಿಗೆ ಅಂಟಿದೆ.

ಮಾನ್ಯ ನಗರ ಯೋಜನಾಧಿಕಾರಿಗಳೇ,

ಆರ್ಥಿಕ ಗಣತಿಯ ಪ್ರಕಾರ ನಮ್ಮ ಓಣಿಯಲ್ಲಿ ಉದ್ಯಮವೇ ಇಲ್ಲ, ಆದ್ದರಿಂದ ಅದು ವಾಸದ ವಲಯ, ಈಚೆಗೆ ತಲೆಯೆತ್ತಿದ ಅಂಗಡಿಗಳು ಸೋಮವಾರದೊಳಗೆ ತೆರವಾಗಬೇಕು ಎಂದು ಬರೆದಿದ್ದೀರಿ. ಈಚೆಗೆ? ಅಕ್ಕ ಅಲ್ಲಿ ಹೊಲಿಗೆ ಯಂತ್ರ ರಿಪೇರಿಗೆ ಕೂತದ್ದು ಭಾವ ತೀರಿಕೊಂಡ ವರ್ಷ. ಆಗ ತೊಟ್ಟಿಲಲ್ಲಿದ್ದ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ನಡುವಿನ ಅನ್ನವೆಲ್ಲ ಆ ಅಂಗಡಿಯದು. ಗಣತಿಯವರು ಬಂದಾಗ ಕೂರಲು ಸ್ಟೂಲು ಕೊಟ್ಟು ಎಲ್ಲವನ್ನೂ ಬರೆಸಿದವಳೂ ಅವಳೇ.

ಹಾಗಾದರೆ ಅವಳು ಎಲ್ಲಿ ಮಾಯವಾದಳು? "ಎಲ್ಲಾ ವೆಬ್‌ಸೈಟಲ್ಲೇ ಇದೆ, ನೋಡ್ಕೊಳ್ಳಿ ಸ್ವಾಮಿ," ಎಂದರು ನಿಮ್ಮ ಗುಮಾಸ್ತರು. ನೋಡಿಕೊಂಡೆ. ಜಿಲ್ಲೆಯಿಂದ ವಾರ್ಡಿಗೆ, ವಾರ್ಡಿನಿಂದ ಓಣಿಗೆ ಇಳಿದರೆ, ಪಕ್ಕದ ಓಣಿಯ ಎದುರು ಸೊನ್ನೆ ಇದೆ; ನಮ್ಮ ಓಣಿಯ ಎದುರು ಒಂದು ಗೀಟು. ಪುಟದ ಬುಡದಲ್ಲಿ ಸಣ್ಣಕ್ಷರ: ಗೀಟು ಇರುವಲ್ಲಿ ಒಂದೋ ಎರಡೋ ಉದ್ಯಮಗಳಿವೆ, ಮಾಲೀಕರ ಗೋಪ್ಯತೆಗಾಗಿ ಅಂಕಿಯನ್ನು ತಡೆಹಿಡಿಯಲಾಗಿದೆ. ಇದ್ದಾರೆ ಎನ್ನುವ ಗುರುತನ್ನೇ ನೀವು ಇಲ್ಲ ಎಂದು ಓದಿದಿರಿ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವುದನ್ನು ಕೇಳಿದ್ದೆವು. ಲೆಕ್ಕಕ್ಕೆ ಸಿಕ್ಕಿಯೂ ಆಟದಿಂದ ಹೊರಬಿದ್ದವರು ಬಹುಶಃ ನಾವೇ ಮೊದಲಿಗರು.

ಅದನ್ನು ಗುಮಾಸ್ತರಿಗೆ ತೋರಿಸಿದೆ. "ಕಂಪ್ಯೂಟರ್‌ಗೆ ಹಾಕಿದ್ರೆ ಗೀಟು ಖಾಲಿಯಾಗುತ್ತೆ, ಖಾಲಿ ಸೊನ್ನೆಯಾಗುತ್ತೆ. ನಾವೇನ್ ಮಾಡಕ್ಕಾಗುತ್ತೆ?" ನಿಮ್ಮ ಕಚೇರಿಯಿಂದ ಓಣಿಗೆ ನಡೆದೇ ಬರಬಹುದಿತ್ತಲ್ಲ, ಮಾನ್ಯರೇ?

ಓಣಿಯಲ್ಲಿರುವುದು ಎರಡೇ ಅಂಗಡಿ. ಇನ್ನೊಂದರ ಯಜಮಾನರು ಗಾಜು ಕತ್ತರಿಸುವವರು. ವಿಷಯ ಕೇಳಿ ನಕ್ಕುಬಿಟ್ಟರು.

"ನನ್ ವ್ಯಾಪಾರ ನಿಮ್ಮಕ್ಕಂಗೆ ಗೊತ್ತಾಗ್ಬಾರ್ದು ಅಂತಾನಾ? ದಿನಾ ಬೋಣಿ ಆಯ್ತಾ ಅಂತ ಮೊದ್ಲು ಕೇಳೋಳೇ ಅವ್ಳು!"

"ನೀ ಹೇಳ್ತಿದ್ದಿದ್ದೂ ಬರೀ ಸುಳ್ಳೇ ಬಿಡಣ್ಣ," ಎಂದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ. ಆಮೇಲೆ ನನಗೆ, "ಲೋ, ನಮ್ ಗುಟ್ಟು ಕಾಪಾಡಿದ್ದು ಸಾಕು. ಪೇಪರ್‌ಗೇ ಬರಿ."

ಬರೆದಿದ್ದೇನೆ. ಆದೇಶವನ್ನು ಹಿಂತೆಗೆದುಕೊಳ್ಳಿ. ಗೀಟು ಬಿದ್ದಿರುವ ಉಳಿದ ಓಣಿಗಳಿಗೂ ಹೋಗಿ ಬಂದು, ಕಂಡದ್ದನ್ನು ಪ್ರಕಟಿಸಿ.

ಸೋಮವಾರ ನಿಮ್ಮವರು ಬೀಗ ತರುತ್ತಾರಂತೆ. ಬಾಗಿಲು ತೆರೆದಿಟ್ಟು ಒಳಗೇ ಕೂರುವುದೆಂದು ಅಕ್ಕ ತೀರ್ಮಾನಿಸಿದ್ದಾಳೆ. ಗಾಜಿನವರು ತಮ್ಮ ಅಂಗಡಿ ಬಿಟ್ಟು ಅವಳ ಪಕ್ಕದಲ್ಲಿ ಕೂರುತ್ತಾರಂತೆ. ನಾನೂ ರಜೆ ಹಾಕಿ ಅಲ್ಲಿರುವುದೆಂದು ನಿಶ್ಚಯಿಸಿದ್ದೇನೆ. ಅರ್ಜಿ ಇನ್ನೂ ಕೊಟ್ಟಿಲ್ಲ.

ಇಂತಿ,
ಸಣ್ಣಕ್ಷರ ಓದಿ ಕೆಟ್ಟವನು,
ಹೊಲಿಗೆ ಯಂತ್ರದವಳ ತಮ್ಮ